ಮದಾಮವ್ವನ ಬಟ್ಟಲು

“ಅತ್ತೀ, ಈ ಬಟ್ಟಲಾ ಡಿಶ್‌ವಾಷರ್‌ನ್ಯಾಗ ಹಾಕ್ಲೇನ್ರೀ?”

“ಮುಟ್ಟಬ್ಯಾಡ ಅದನ್ನ!” ಗುರುಬಸವ್ವ ಸೋಫಾದಿಂದಲೇ ಕೂಗಿ, ಕೂಗಿನ ಹಿಂದೆಯೇ ಅಡಿಗೆಮನೆಗೆ ಬಂದುಬಿಟ್ಟರು. ಮೊಣಕಾಲು ನೋವಿನ ಅತ್ತೆ ಇಷ್ಟು ಜೋರಾಗಿ ನಡೆದದ್ದನ್ನು ದೀಪಶ್ರೀ ಈ ಚಳಿಗಾಲದಲ್ಲಿ ಕಂಡಿರಲಿಲ್ಲ. “ಅದು ಮದಾಮವ್ವಂದು. ಮಂದಿ ಬಟ್ಟಲಾ.”

ಮಂದಿ ಬಟ್ಟಲೇನೋ ಹೌದು. ನೀಲಿ ಅಂಚಿನ ಆ ಪಿಂಗಾಣಿ ಬಟ್ಟಲು ಕಳೆದ ಬೇಸಿಗೆಯಲ್ಲಿ ಇಳಕಲ್ ಸೀರೆಯೊಳಗೆ ಸುತ್ತಿಕೊಂಡು ಫ್ರಾನ್ಸಿನ ಹಳ್ಳಿಯೊಂದರಿಂದ ಕೆನಡಾದ ಮಿಲ್ಟನ್ನಿಗೆ ಬಂದಿತ್ತು. ಅಲ್ಲಿ ರಜೆಗೆಂದು ಎರಡು ವಾರಕ್ಕೆ ತೋಟದ ಮನೆ ಬಾಡಿಗೆಗೆ ಹಿಡಿದಿದ್ದರು. ಮೊಮ್ಮಗಳು ಮಾಧುರಿ ಸ್ಕೂಲಲ್ಲಿ ಪಾಠವನ್ನೆಲ್ಲ ಫ್ರೆಂಚಿನಲ್ಲೇ ಕಲಿಸುವ ಫ್ರೆಂಚ್ ಇಮ್ಮರ್ಷನ್ ಓದುತ್ತಾಳೆ, ಮಾತಾಡಿ ರೂಢಿಯಾಗಲಿ ಅನ್ನುವುದು ನೆಪ. ಅವಳು ಫೋನಿನಿಂದ ತಲೆ ಎತ್ತಲಿಲ್ಲ. ಒಂದಕ್ಷರ ಫ್ರೆಂಚ್ ಬಾರದ ಅಜ್ಜಿಯೇ ದಿನವಿಡೀ ಮಾತಾಡಿದ್ದು. ಪಕ್ಕದ ಮನೆಯ ಮದಾಮ್ ಸೊಲಾಂಜ್ ಮೊದಲ ದಿನವೇ ಈ ಬಟ್ಟಲಿನ ತುಂಬ ಪ್ಲಮ್ ಹಣ್ಣು ತಂದುಕೊಟ್ಟರು. ಬಟ್ಟಲನ್ನು ಬರಿದೇ ವಾಪಸು ಕೊಡುವುದುಂಟೆ? ಗುರುಬಸವ್ವ ಶೇಂಗಾ ಹೋಳಿಗೆ ಇಟ್ಟು ಕೊಟ್ಟರು. ಮರುದಿನ ಅದು ಆಡಿನ ಹಾಲಿನ ಚೀಸ್ ಹೊತ್ತು ಬಂತು, ಝುಣಕದ ವಡಿ ಹೊತ್ತು ಹೋಯಿತು. ಅಂಜೂರದ ಜಾಮ್ ಬಂತು, ಒಗ್ಗರಣೆ ಚುರುಮುರಿ ಹೋಯಿತು. ಇಬ್ಬರೂ ಸೋಲಲಿಲ್ಲ. ಕೊನೆಯ ದಿನ, ಕಾರು ಸ್ಟಾರ್ಟ್ ಆದ ಮೇಲೆ ಮದಾಮ್ ಓಡಿಬಂದು, ಅಕ್ರೋಟಿನ ಕೇಕ್ ಸಮೇತ ಬಟ್ಟಲನ್ನು ಕಿಟಕಿಯಿಂದ ಒಳಗೆ ತುರುಕಿದರು.

ಡೈನಿಂಗ್ ಟೇಬಲ್ಲಿನಲ್ಲಿ ಮಗ ಸಂತೋಷಕುಮಾರ ಲ್ಯಾಪ್‌ಟಾಪ್ ತೆರೆದು ಈ ಸಲದ ಬೇಸಿಗೆ ರಜೆಗೆ ಪೋರ್ಚುಗಲ್ಲಿನಲ್ಲಿ ಮನೆ ಹುಡುಕುತ್ತಿದ್ದ. “ಯವ್ವಾ, ಇಲ್ನೋಡು. ಬಾಲ್ಕನಿಯಿಂದ ಸೀದಾ ಸಮುದ್ರ! ಬುಕ್ ಮಾಡಿಬಿಡ್ಲಿ?”

“ಛಲೋ ಐತಿ,” ಅಂದರು ಗುರುಬಸವ್ವ, ಆ ಕಡೆ ನೋಡದೆ. “ಮತ್ತ ಈ ಬಟ್ಟಲಾ ಹೆಂಗ ಮುಟ್ಟಸೂದು?”

“ಕೊರಿಯರ್ ಮಾಡೂಣು.”

“ಖಾಲಿ?”

“ಚಟ್ನಿಪುಡಿ ಹಾಕಿ ಕಳಸು.”

“ಆಕಿ ಬಾಗಲಾ ತೆಗದು, ಬಾ ಒಳಗ, ಕುಂದ್ರು ಅಂತ ಯಾರಿಗೆ ಅನಬೇಕೋ? ಕೊರಿಯರ್‌ದವಗ?”

ಮತ್ತೆ ಅಲ್ಲಿಗೇ ಹೋಗೋಣ ಅಂತ ಬಾಯಿಬಿಟ್ಟು ಕೇಳುವ ಹೆಂಗಸಲ್ಲ ಗುರುಬಸವ್ವ. ಮಗನಿಗೆ ಅದು ಗೊತ್ತಿತ್ತು. “ನೋಡಿದ ಊರನ್ನ ಮತ್ತೇನ್ ನೋಡೂದು ಯವ್ವಾ? ಅಲ್ಲಿ ಎಲ್ಲಾ ಕವರ್ ಮಾಡೇವಲ್ಲ. ಕೋಟೆ, ಗವಿ, ವೈನಿನ ಊರು...”

“ನೀವು ಕಾರಿನ್ಯಾಗ ಕುಂತು ಕೋಟೆ ನೋಡಿದ್ರಿ. ಈಗ ಫೋಟೋ ತೋರಿಸಿ ಯಾವ ಕೋಟೆ ಅಂದ್ರ ನಿನಗ ಹೇಳಾಕ ಬರಂಗಿಲ್ಲ. ನಾ ಊರು ನೋಡಿದೆ. ಹಳ್ಳದ ದಂಡ್ಯಾಗ ಅರಿವಿ ಒಗಿಯೂ ಕಲ್ಲು ಅದಾವು. ಸಣ್ಣಾಕಿದ್ದಾಗ ತಾ ಯಾವ ಕಲ್ಲಿನ ಮ್ಯಾಲ ಒಗೀತಿದ್ದೆ ಅಂತ ಮದಾಮವ್ವ ಕುಂತು ತೋರಿಸಿದ್ಲು. ಸೂರ್ಯಕಾಂತಿ ಹೊಲದ ಬದುವಿನಗುಂಟ ಹ್ವಾದ್ರ ಆಡಿನ ದೊಡ್ಡಿ. ಅಲ್ಲಿಂದ ಮುಂದ...”

“ಮೊಣಕಾಲು ನೋಯತಾವು ಅಂತ ನಮ್ ಜೋಡಿ ಬರಲಿಲ್ಲಲ್ರೀ ಅತ್ತಿ?” ದೀಪಶ್ರೀ ನಡುವೆ ಬಾಯಿ ಹಾಕಿದಳು.

“ಕೋಟೆ ಹತ್ತಾಕ ನೋಯತಾವವ್ವಾ. ಬದುವಿನ ಮ್ಯಾಲ ನೋಯಂಗಿಲ್ಲ. ಇರಲಿ ಬಿಡು, ನಿಮ್ಮ ಸಮುದ್ರ ಛಲೋ ಐತಿ.”

ದೀಪಶ್ರೀ ನಕ್ಕಳು. “ಅಡ್ರೆಸ್ ತರಸ್ತೀನ್ರಿ. ಪ್ಯಾಕಿಂಗ್ ನಾನ ಮಾಡ್ತೀನಿ, ಬಟ್ಟಲಕ್ಕ ಒಂದ್ ಸ್ಕ್ರ್ಯಾಚ್ ಆಗಂಗಿಲ್ಲ.” ತೋಟದ ಮನೆಯ ಮಾಲೀಕನಿಗೆ ಅಲ್ಲೇ ನಿಂತು ಮೆಸೇಜ್ ಕಳಿಸಿದಳು. ಗುರುಬಸವ್ವ ಒರೆಸಿದ ಬಟ್ಟಲನ್ನೇ ಮತ್ತೆ ಮತ್ತೆ ಒರೆಸಿದರು.

ಚಹಾ ಕುದ್ದು ಸೋಸುವ ಹೊತ್ತಿಗೆ ಉತ್ತರ ಬಂತು, ಜೊತೆಗೊಂದು ಫೋಟೋ. ದೀಪಶ್ರೀ ನೋಡಿದಳು, ಫೋನನ್ನು ಗಂಡನ ಮುಂದೆ ಇಟ್ಟಳು.

ದಪ್ಪ ಕಲ್ಲಿನ ಗೋಡೆ, ಅದರಲ್ಲೊಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ಮೇಲೆ ಗೋಪುರದ ಹಾಗೆ ಅಕ್ರೋಟು. ಡಬ್ಬಿಯ ಹೊಟ್ಟೆಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡದ ಅಕ್ಷರ: ಎನ್. ವೀರಭದ್ರಪ್ಪ, ಧಾರವಾಡ. ಓದಲು ಬಾರದವರು ಯಾರೋ ಹೆಸರು ಎದುರಿಗೇ ಕಾಣುವಂತೆ ತಿರುಗಿಸಿ ಇಟ್ಟಿದ್ದರು.

“ಅಪ್ಪನ ಡಬ್ಬಿ!” ಸಂತೋಷಕುಮಾರ ಎದ್ದೇ ನಿಂತ. “ಅಪ್ಪ ಹೋದ ಮ್ಯಾಲ ನೀ ಇದನ್ನ ನಮಗ್ಯಾರಿಗೂ ಮುಟ್ಟಗೊಟ್ಟಿಲ್ಲ!”

ದೀಪಶ್ರೀ ಓದಿ ಹೇಳಿದಳು: “ಬಟ್ಟಲಾ ಕೊರಿಯರ್ ಮಾಡಬ್ಯಾಡ್ರಿ ಅಂತ ಮದಾಮ್ ಅಂದಾರಂತ. ತಾವೂ ಡಬ್ಬಿ ಕಳಸಂಗಿಲ್ಲಂತ. ಬಂದು ಒಯ್ಯಬೇಕಂತ.”

“ಯವ್ವಾ, ಮರತ ಬಂದ್ಯೇನು?”

“ಇದನ್ನ ಮರೀತೀನೇನೋ?” ಗುರುಬಸವ್ವ ಬಟ್ಟಲನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದರು. “ಹೊರಡೂ ಹಿಂದಿನ ದಿನ ಚಟ್ನಿಪುಡಿ ತುಂಬಿ ಕೊಟ್ಟು ಬಂದೆ. ಮರುದಿನ ಆಕಿ ಬಟ್ಟಲಾ ತಂದು ತುರುಕಿದ್ಲಲ್ಲ, ಆಕಿನೂ ಏನ್ ಮರತಿದ್ದಿಲ್ಲ.” ಬಾಣಲೆ ಒಲೆಗಿಟ್ಟು, ಚೀಲದಿಂದ ಶೇಂಗಾ ಸುರಿದರು.

“ಅತ್ತೀ, ಈಗಿನ್ನೂ ಫೆಬ್ರವರಿ ರೀ!”

“ಹುರದಿಟ್ರ ಕೆಡಂಗಿಲ್ಲ.”

ಚಳಿಗೆ ಮನೆಯ ಕಿಟಕಿಯೆಲ್ಲ ಮುಚ್ಚಿತ್ತು. ಶೇಂಗಾ ಚಟಪಟ ಅನ್ನುವಷ್ಟರಲ್ಲಿ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ದೀಪಶ್ರೀ ಹಿತ್ತಿಲ ಬಾಗಿಲಿಗೆ ಓಡಿದಳು. ಸಂತೋಷಕುಮಾರ ಕೈಗೆ ಸಿಕ್ಕ ಲ್ಯಾಪ್‌ಟಾಪನ್ನು ಪೋರ್ಚುಗಲ್ ಸಮೇತ ಮಡಚಿ, ಕುರ್ಚಿ ಹತ್ತಿ, ಅದರಿಂದಲೇ ಅಲಾರಮ್ಮಿಗೆ ಗಾಳಿ ಹಾಕತೊಡಗಿದ.