ಕತ್ತರಿ ಹಾಕದ ಆತ್ಮಕಥೆ

ಡಿಜಿಟಲ್ ಕಣ್ಗಾವಲಿನ ಬಗ್ಗೆ ಸಮಾಜಶಾಸ್ತ್ರಜ್ಞೆ ವಾರಿಜಾ ಬರೆದ ಪುಸ್ತಕವನ್ನು ತಡೆದವನು ಪೊಲೀಸ್ ಅಧಿಕಾರಿ ರುದ್ರಮುನಿ. ಅವಳು ಹೂಡಿದ ಮೊಕದ್ದಮೆಯಲ್ಲಿ, ಅವಳ ಫೋನನ್ನು ಕದ್ದಾಲಿಸಿಯೇ ಇಲ್ಲವೆಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಗೆದ್ದವನೂ ಅವನೇ. ಅವಳನ್ನು ನಂಬಿ ಫೋನಿನಲ್ಲಿ ಮಾತಾಡಿದ್ದ ಪತ್ರಕರ್ತ ಬಂಧಿತನಾಗಿ ಜೈಲಿನಲ್ಲೇ ಸತ್ತ.

ನಿವೃತ್ತನಾದ ರುದ್ರಮುನಿ ಆತ್ಮಕಥೆ ಬರೆದ. ಪ್ರಕಾಶಕರು ಅದನ್ನು ತಿದ್ದಲು, ಈಗ ಅವರಲ್ಲಿ ಸಂಪಾದಕಿಯಾಗಿದ್ದ ವಾರಿಜಾಳಿಗೇ ಕೊಟ್ಟರು. ಸುದ್ದಿ ತಿಳಿದು ಅವನು ಓಡಿ ಬಂದ.

“ಹಳೇ ಸಿಟ್ಟಿಗೆ ಕತ್ತರಿ ಹಾಕ್ಬೇಡಿ ಮೇಡಂ. ನನ್ ಸರ್ವೀಸಿನ ಸಾಹಸವೆಲ್ಲಾ ಅದರಲ್ಲಿದೆ.”

“ಒಂದಕ್ಷರಾನೂ ಮುಟ್ಟಲ್ಲ ಸಾರ್.”

“ಹಾಗಾದ್ರೆ ಕೋಪ ಇಲ್ವಾ?”

“ನಿಮ್ಮನ್ನ ನೋಡಿದ್ರೆ ಮೈ ಉರಿಯುತ್ತೆ. ಆದ್ರೂ ಮುಟ್ಟಲ್ಲ.”

ಅವನು ಕೈಮುಗಿದು ಹೋದ.

ಪುಸ್ತಕ ಬಿಡುಗಡೆಯಾಯಿತು. ಮರುವಾರ ಅವಳ ವಕೀಲರು ಹಳೇ ಮೊಕದ್ದಮೆಯ ಮರುವಿಚಾರಣೆ ಕೋರಿ, ಅದರ ಒಂದು ಅಧ್ಯಾಯವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು: ‘ಆ ಸಮಾಜಶಾಸ್ತ್ರಜ್ಞೆಯ ಫೋನನ್ನು ನಾನು ಕದ್ದಾಲಿಸಿದ ಬಗೆ’.