ಊರಿಗೆಲ್ಲ ಒಂದೇ ಹಂಡೆ

ಹಾಸ್ಟೆಲ್ ಬಚ್ಚಲಿನ ಹೊಸ ನಲ್ಲಿ ಒಮ್ಮೆ ಕೆಮ್ಮಿತು, ಬುಸ್ಸೆಂದಿತು, ಆಮೇಲೆ ಸುಮ್ಮನಾಯಿತು. ಗಣೇಶಮೂರ್ತಿ ಮೇಷ್ಟ್ರು ಬಗ್ಗಿ ಅದರ ಬಾಯೊಳಗೆ ಇಣುಕಿದರು.

ತೀರ್ಥಹಳ್ಳಿಯ ಅಕ್ಕಿ ಗಿರಣಿಯ ಬಾಯ್ಲರಿನಿಂದ ಆಸ್ಪತ್ರೆಗೂ ಹೋಟೆಲಿಗೂ ಪೈಪಿನಲ್ಲಿ ಬಿಸಿನೀರು ಹೋಗುತ್ತಿತ್ತು. ಕಾಲೇಜಿನ ಹಾಸ್ಟೆಲೂ ಅದಕ್ಕೆ ಸೇರಲಿ ಎಂದು ಆರು ತಿಂಗಳು ಗಂಟಲು ಹರಿದುಕೊಂಡವರು ಈ ಫಿಸಿಕ್ಸ್ ಮೇಷ್ಟ್ರೇ. ದಾರಿಯಲ್ಲಿ ಬಿಸಿ ಆರದಂತೆ ಮೂರು ಫರ್ಲಾಂಗು ಪೈಪಿನುದ್ದಕ್ಕೂ ಭತ್ತದ ಹೊಟ್ಟು ತುಂಬಿದ ಗೋಣಿ ಸುತ್ತಿಸಿದವರೂ ಅವರೇ. ನೀರು ಬಿಸಿಯಾಗಿ ಬಂದರೆ ಗಿರಣಿಯ ಒಪ್ಪಂದಕ್ಕೆ ಇವತ್ತೇ ಸಹಿ, ತಣ್ಣಗೆ ಬಂದರೆ ಪೈಪು ಕಿತ್ತು ಹಾಕಿಸುತ್ತೇನೆ ಎಂದು ಕಾಲೇಜು ಸಮಿತಿಯ ಅಧ್ಯಕ್ಷ ಹೂವಯ್ಯಗೌಡರು ಎಲ್ಲರೆದುರು ಹೇಳಿಬಿಟ್ಟಿದ್ದರು.

"ಬಂತು! ಬಂತು!" ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ನಿಂತಿದ್ದ ಹುಡುಗರು ಕಿರುಚಿದರು. ನೀರು ದಬದಬನೆ ಸುರಿಯಿತು. ಮೇಷ್ಟ್ರು ಥರ್ಮಾಮೀಟರ್ ಹಿಡಿದು ಓಡಿದರು.

"ಆ ಗಾಜಿನ ಕಡ್ಡಿ ಸ್ನಾನ ಮಾಡ್ತದೇನ್ರೀ ಮೇಷ್ಟ್ರೇ? ಇಡ್ರಿ ಅತ್ಲಾಗೆ," ಎಂದರು ಗೌಡರು. "ಈ ಹುಡುಗ್ರನ್ನ ಕೇಳಿದ್ರೆ ಹೊಳೆ ನೀರನ್ನೂ ಬಿಸಿ ಅಂತಾರೆ. ಕನ್ನಮ್ಮಾ, ಬಾ ಇಲ್ಲಿ. ನೀ ಕೈಯಿಟ್ಟು ಹೇಳು."

ಹಾಸ್ಟೆಲ್ ಶುರುವಾದ ದಿನದಿಂದ ಅದರ ಬಚ್ಚಲೊಲೆಗೆ ಉರಿ ಹಾಕುತ್ತಿದ್ದವಳು ಕನ್ನಮ್ಮ. ನೀರಿನ ಹದದಲ್ಲಿ ಅವಳ ಮಾತೆಂದರೆ ಮಾತು. ಆದರೆ ಅಯ್ಯೋ, ಈ ನೀರು ಬಿಸಿಯಿದ್ದರೆ ಅವಳ ಕೆಲಸವೇ ಹೋಯಿತಲ್ಲ! ಅದು ಹೊಳೆದದ್ದೇ ಮೇಷ್ಟ್ರು ಥರ್ಮಾಮೀಟರನ್ನು ಮತ್ತೆ ಗೌಡರ ಮುಂದೆ ಚಾಚಿದರು.

ಕನ್ನಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಮೇಷ್ಟ್ರ ಮುಖ ನೋಡಿದಳು, ಗೌಡರ ಮುಖ ನೋಡಿದಳು, ನಲ್ಲಿಗೆ ಕೈಯೊಡ್ಡಿದಳು.

"ಅಯ್ಯಯ್ಯಪ್ಪಾ!" ಕೈ ಕೊಡವಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. "ಸುಡ್ತದೆ ಮಾರಾಯ್ರೆ! ತಣ್ಣೀರು ಬೆರೆಸ್ದೆ ಯಾರೂ ಹೊಯ್ಕಬೇಡಿ!"

ಮಾಡು ಹಾರಿಹೋಗುವಂತೆ ಹುಡುಗರು ಕೂಗಿದರು. ಗೌಡರು ನಗುತ್ತ, ಅಲ್ಲೇ ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದರು. ಮೇಷ್ಟ್ರಿಗೆ ಕುಣಿಯುವಷ್ಟು ಖುಷಿ. ಪಂಚೆ ಎತ್ತಿಕಟ್ಟಿ ಎರಡು ಸುತ್ತು ಕುಣಿದೂಬಿಟ್ಟರು. ಆಮೇಲೆ ನೆನಪಾಗಿ, ಕನ್ನಮ್ಮನ ಹತ್ತಿರ ಹೋಗಿ ಕೈಮುಗಿದರು.

"ನಿನ್ನ ಸತ್ಯ ದೊಡ್ಡದು ಕನ್ನಮ್ಮ. ತಣ್ಣಗಿದೆ ಅಂತ ಒಂದು ಮಾತು ಅಂದಿದ್ರೆ ನಿನ್ನ ಕೆಲಸ ಉಳೀತಿತ್ತು."

ಕನ್ನಮ್ಮ ಕೆಂಪಾದ ಬೆರಳುಗಳನ್ನು ಊದಿಕೊಳ್ಳುತ್ತಿದ್ದಳು.

"ಸತ್ಯ ಎಂತದು ಮೇಷ್ಟ್ರೇ? ತಣ್ಣಗದೆ ಅಂತ್ಲೇ ಹೇಳೋಕೆ ಬಂದಿದ್ದೆ. ಈ ಹಾಳು ಕೈ ಕೇಳ್ಬೇಕಲ್ಲ!"