ತಳದಲ್ಲಿ ಕೂತಿದ್ದ ಬೆಳ್ಳಿ

ಗದಗಿನ ಒಂದು ಪ್ರೆಸ್ಸಿನಲ್ಲಿ ನಾನು ಕಾಗದ ಕತ್ತರಿಸುತ್ತಿದ್ದೆ. ಇದು ಅಲ್ಲಿ ಕಣ್ಣಾರೆ ಕಂಡದ್ದು... ಏಳು ವರ್ಷವಾಯಿತು, ಮರೆತಿಲ್ಲ.

ನಮ್ಮ ಚನ್ನಬಸವ್ವ ನಲವತ್ತು ವರ್ಷದಿಂದ ಕೈಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದಳು. ಹೆಚ್ಚಾಗಿ ಲಗ್ನಪತ್ರಿಕೆ.

ಒಂದು ದಿನ ಇಂಜಿನಿಯರಿಂಗ್ ಕಾಲೇಜಿನ ಶಾಹಿನ್ ಎಂಬ ಹುಡುಗಿ ಸಣ್ಣ ಡಬ್ಬಿ ಹಿಡಿದು ಬಂದಳು. ಜೊತೆಗೆ ಅವಳ ಪ್ರೊಫೆಸರ್.

ಡಬ್ಬಿಯಲ್ಲಿ ಬೆಳ್ಳಿಪುಡಿ ಬೆರೆಸಿದ ಶಾಯಿ. ಅದರಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಗೆರೆ ಪ್ರಿಂಟ್ ಮಾಡಿ ಕಾಯಿಸಿದರೆ, ಗೆರೆಯಲ್ಲೇ ಕರೆಂಟ್ ಹರಿಯುತ್ತದಂತೆ... ವೈರೇ ಬೇಡ!

ತಿಂಗಳು ತುಂಬದೆ ಹುಟ್ಟಿದ ಕೂಸಿನ ಮೈ ತಣ್ಣಗಾದರೆ ಕೂಗಿ ಎಚ್ಚರಿಸುವ, ಮೈಗೆ ಕಟ್ಟುವ ಪಟ್ಟಿಯನ್ನು ಈ ಶಾಯಿಯಿಂದ ಮಾಡಬೇಕೆಂದು ಆ ಹುಡುಗಿ ಎರಡು ವರ್ಷದಿಂದ ಒದ್ದಾಡುತ್ತಿದ್ದಳು.

ಚನ್ನಬಸವ್ವ ಆ ಶಾಯಿಯಿಂದ ಮೂರು ಹಾಳೆ ಪ್ರಿಂಟ್ ಮಾಡಿಕೊಟ್ಟಳು. ಅವರೇ ತಂದಿದ್ದ ಓವನ್ನಿನಲ್ಲಿ ಕಾಯಿಸಿ ಮೀಟರ್ ಹಚ್ಚಿದರು. ಕರೆಂಟ್ ಹರಿದರೆ ಮೀಟರ್ ಕೂಗಬೇಕು.

ಕೂಗಲಿಲ್ಲ...

"ಲಗ್ನಪತ್ರಿಕೆ ಮಾಡೋರ ಹತ್ರ ಬಂದ್ರ ಇನ್ನೇನಾಗ್ತೈತಿ? ಇವತ್ತಿಗೆ ಈ ಪ್ರಾಜೆಕ್ಟ್ ಬಂದ್, ಶಾಹಿನ್," ಎಂದರು ಪ್ರೊಫೆಸರ್.

ಹುಡುಗಿಯ ಕಣ್ಣು ತುಂಬಿತು. ಡಬ್ಬಿಯಲ್ಲಿ ಉಳಿದದ್ದು ಒಂದೇ ಹಾಳೆಗಾಗುವಷ್ಟು ಶಾಯಿ.

ಚನ್ನಬಸವ್ವ ಮೆಲ್ಲಗೆ ಕೇಳಿದಳು, "ಯವ್ವಾ, ಶಾಯಿ ತಳದಿಂದ ಕಲಸೀಯೇನು?"

"ಜೋರಾಗಿ ಅಲ್ಲಾಡಿಸೀನಿ ಅಜ್ಜಿ."

"ಅಲ್ಲಾಡಿಸಾಕ ಅದೇನ್ ಕೆಮ್ಮಿನ ಔಷಧಿನಾ? ಲಗ್ನಪತ್ರಿಕಿಯ ಬಂಗಾರದ ಶಾಯಿನೂ ಹಿಂಗ. ಪುಡಿ ಭಾರ, ತಳಕ್ಕ ಕುಂತಿರ್ತೈತಿ. ಇಷ್ಟೊತ್ತು ನಾವು ಬರೇ ಮ್ಯಾಲಿನ ತಿಳಿ ಹಚ್ಚೀವಿ!"

ಚಪ್ಪಟೆ ಕಡ್ಡಿಯೊಂದನ್ನು ಡಬ್ಬಿಯ ತಳಕ್ಕಿಳಿಸಿ ನಿಧಾನವಾಗಿ ತಿರುವತೊಡಗಿದಳು... ಗುಳ್ಳೆ ಏಳದ ಹಾಗೆ. ಹತ್ತು ನಿಮಿಷ.

ಕೊನೆಯ ಹಾಳೆ. ಸ್ಕ್ರೀನಿನ ಮೇಲೆ ಶಾಯಿಯ ಒಂದೇ ಎಳೆತ. ಓವನ್ನಿಂದ ತೆಗೆದು ಮೀಟರ್ ಹಚ್ಚಿದರು...

ಬೀಪ್!!

ಶಾಹಿನ್ ಕಿರುಚಿ ಅಜ್ಜಿಯನ್ನು ತಬ್ಬಿಕೊಂಡಳು.

"ಬಿಡು ಬೇ, ಕೈಯೆಲ್ಲಾ ಬೆಳ್ಳಿ ಐತಿ! ಸೀರಿಗೆ ಹತ್ತಿದ್ರ ಹೋಗಂಗಿಲ್ಲದು!"

ಪ್ರೊಫೆಸರ್ ಜೇಬಿನಿಂದ ಪೆನ್ನು ತೆಗೆದು, ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತರು.

"ತಪ್ಪಾತ್ರೀ ಅವ್ವಾರ... ಎಷ್ಟೊತ್ತು ಕಲಸಬೇಕು, ಹ್ಯಾಂಗ ಕಲಸಬೇಕು... ಇನ್ನೊಮ್ಮೆ ಹೇಳ್ರಿ, ಬರ್ಕೋತೀನಿ."

ನಲವತ್ತು ವರ್ಷದಲ್ಲಿ ಅವಳ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ.

ಚನ್ನಬಸವ್ವ ಕೈಯ ಬೆಳ್ಳಿ ಮರೆತು ಸೆರಗಿನಿಂದ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. "ಹೂಂ... ಬರ್ಕೋರಿ ಸರ್," ಎಂದಳು.

*ಕೈಗೆ ಗೊತ್ತಿರುವುದೂ ವಿದ್ಯೆಯೇ. ಕೇಳುವವರು ಬೇಕು, ಅಷ್ಟೇ.*

ನಿಮ್ಮ ಪಕ್ಕದಲ್ಲೇ ದಿನಾ ಕೆಲಸ ಮಾಡುವವರನ್ನು "ಇದು ಹೇಗೆ?" ಎಂದು ನೀವು ಕೇಳಿ ಎಷ್ಟು ದಿನವಾಯಿತು...?